ಸಣ್ಣ ಮಷೀನು, ದೊಡ್ಡ ಮಷೀನು, ಮೂರು ಒಲೆ

ಮನೆಯಲ್ಲಿ ಇಟ್ಟುಕೊಂಡು ಬಿಟ್‌ಕಾಯಿನ್ ತೆಗೆಯುವುದಕ್ಕೆ ಅಂಗೈಯಗಲದ ಸಣ್ಣ ಮಷೀನು ಚಲೋದೋ, ಕಾರ್ಖಾನೆಗಳಿಗೆಂದೇ ಮಾಡಿದ ದೊಡ್ಡ ಮಷೀನು ಚಲೋದೋ ಎಂದು ಈವರೆಗೆ ನನ್ನನ್ನು ಯಾರೂ ಕೇಳಿಲ್ಲ. ಕೇಳಬೇಕಿತ್ತು. ನಮ್ಮ ಸುತ್ತಲಿನ ಊರುಗಳಲ್ಲಿ ಎರಡನ್ನೂ ಸಾಕಿದ ಮನೆ ಬಹುಶಃ ನಮ್ಮದೊಂದೇ. ಯಾವುದು ಎಷ್ಟು ಕರೆಂಟು ಕುಡಿಯುತ್ತದೆ, ಯಾವುದು ಎಷ್ಟು ಒದರುತ್ತದೆ, ಯಾವುದು ಏನು ಗಳಿಸಿತು ಎಂಬುದೆಲ್ಲ ನನಗೆ ಬಾಯಿಪಾಠ. ಗಳಿಸಿದ್ದನ್ನು ಹೇಳಲು ಬಹಳ ಹೊತ್ತು ಬೇಕಾಗುವುದಿಲ್ಲ.

ನಮ್ಮದು ನವಲಗುಂದ ತಾಲೂಕಿನ ಎರೆ ಭೂಮಿಯ ಊರು, ಮೊರಬದಿಂದ ದೂರವಲ್ಲ. ಮನೆಯಲ್ಲಿ ಐದು ಜನ. ಅತ್ತೆ, ಭಾವನವರು, ಅವರ ಹೆಂಡತಿ, ನಾನು ಮತ್ತು ನಮ್ಮ ಮನೆಯವರು. ಭಾವನವರ ಹೆಂಡತಿಯನ್ನು ನಾನು ಅಕ್ಕಾ ಎನ್ನುತ್ತೇನೆ. ಮಕ್ಕಳೆಲ್ಲ ಧಾರವಾಡದ ಹಾಸ್ಟೆಲ್ಲುಗಳಲ್ಲಿದ್ದಾರೆ. ಭಾವನವರು ಹೊಲ ನೋಡಿಕೊಳ್ಳುತ್ತಾರೆ, ನಮ್ಮ ಮನೆಯವರು ಬಸ್‌ಸ್ಟ್ಯಾಂಡಿನ ಬಾಜು ಪಂಪ್‌ಸೆಟ್ ಮೋಟಾರುಗಳ ವೈಂಡಿಂಗ್ ಅಂಗಡಿ ನಡೆಸುತ್ತಾರೆ. ಸುಟ್ಟ ಮೋಟಾರಿಗೆ ತಂತಿ ಸುತ್ತಲು ಬಂದಮೇಲೆ ಕರೆಂಟಿನಿಂದ ನಡೆಯುವ ಯಾವ ವಸ್ತುವೂ ತಮಗೆ ಹೊರತಲ್ಲ ಎಂಬುದು ಅವರ ನಂಬಿಕೆ. ನಮ್ಮ ಮನೆಯ ಮಿಕ್ಸರು ಮಾತ್ರ ಎಷ್ಟೋ ವರ್ಷದಿಂದ ಕೆಟ್ಟು ಕೂತಿದೆ. ಅದು ಸಣ್ಣ ಕೆಲಸವಂತೆ.

ಈ ಐದು ಜನಕ್ಕೆ ಒಂದೇ ಒಲೆ ಇತ್ತು. ಗ್ಯಾಸು ಬಂದು ಬಹಳ ಕಾಲವಾಯಿತು, ಆದರೆ ರೊಟ್ಟಿಗೆ ಇಂದಿಗೂ ಕಟ್ಟಿಗೆಯ ಒಲೆಯೇ ಬೇಕು. ನಾನು ಮದುವೆಯಾಗಿ ಬಂದ ವರ್ಷದಿಂದ ನಾನು ಬಡಿಯುವವಳು, ಅಕ್ಕ ಬೇಯಿಸುವವಳು. ನಾನು ಪರಾತದಲ್ಲಿ ಹಿಟ್ಟು ನಾದಿ, ಬಡಿದು ತೆಳ್ಳಗೆ ಮಾಡಿ ಆ ಕಡೆ ಕೈ ಚಾಚಿದರೆ ಅಲ್ಲಿ ಅಕ್ಕನ ಕೈ ಇರುತ್ತಿತ್ತು. ಆಕೆ ಹಂಚಿಗೆ ಹಾಕಿ, ನೀರು ಸವರಿ, ತಿರುವಿ, ಕೆಂಡಕ್ಕೆ ಆನಿಸಿ ಉಬ್ಬಿಸುತ್ತಿದ್ದಳು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನೋಡದೆ ಜಗಳವಾಡುತ್ತಿದ್ದೆವು. ಪಲ್ಯಕ್ಕೆ ಉಪ್ಪು ಹೆಚ್ಚಾದದ್ದರಿಂದ ಹಿಡಿದು ಆಕೆಯ ತಮ್ಮನ ಮದುವೆಯಲ್ಲಿ ನನಗೆ ಉಡಿಸಿದ ಸೀರೆಯ ಬಣ್ಣದವರೆಗೆ ಒಂದು ವಿಷಯವನ್ನೂ ಬಿಡುತ್ತಿರಲಿಲ್ಲ. ಬುಟ್ಟಿ ತುಂಬುವ ಹೊತ್ತಿಗೆ ಇಬ್ಬರಲ್ಲೊಬ್ಬಳು “ಬ್ಯಾರೆ ಒಲಿ ಹೂಡಿಬಿಡ್ತೀನಿ ನೋಡು” ಎನ್ನುವುದು, ಇನ್ನೊಬ್ಬಳು “ಹೂಡ ಬೇ, ಯಾರು ಬ್ಯಾಡ ಅಂದಾರ” ಎನ್ನುವುದು ಊಟದ ಮೊದಲಿನ ಶಾಸ್ತ್ರದ ಹಾಗೆ ನಡೆಯುತ್ತಿತ್ತು.

ಪಡಸಾಲೆಯಲ್ಲಿ ಕೂತು ಕಾಳು ಹಸನು ಮಾಡುವ ಅತ್ತೆಗೆ ಇದೆಲ್ಲ ಕೇಳುತ್ತಿತ್ತು. “ನಾ ಸತ್ತ ಮ್ಯಾಲ ಹೂಡ್ರಿ. ನನ್ನ ಕಣ್ಣ ಮುಂದ ಈ ಮನ್ಯಾಗಿಂದ ಎರಡು ಹೊಗಿ ಏಳಬಾರದು” ಎಂದು ಅಲ್ಲಿಂದಲೇ ಹೇಳುತ್ತಿದ್ದರು. ಅತ್ತೆಗೆ ಇದ್ದ ಆಸೆ ಅದೊಂದೇ. ಬಂಗಾರ ಕೇಳಿದವರಲ್ಲ, ಕಾಶಿಗೆ ಕಳಿಸಿ ಎಂದವರಲ್ಲ. ಒಂದು ಮನೆ, ಒಂದು ಹೊಗೆ, ಅಷ್ಟೇ.

ಇಂಥ ಮನೆಗೆ ಮೊದಲು ಬಂದದ್ದು ಸಣ್ಣ ಮಷೀನು. ನಮ್ಮ ಮನೆಯವರು ಮೊಬೈಲಿನಲ್ಲಿ ನೋಡಿ ತರಿಸಿದರು. ಒಂದು ಪುಟ್ಟ ಹಲಗೆ, ಅದರ ಮೇಲೆ ಪುಟ್ಟ ಫ್ಯಾನು, ಅಂಕಿಗಳು ಓಡಾಡುವ ಪುಟ್ಟ ಪರದೆ. ಜಗತ್ತಿನ ತುಂಬ ಇಂಥ ಮಷೀನುಗಳು ಒಂದೇ ಲೆಕ್ಕವನ್ನು ಬಿಡಿಸಲು ಪೈಪೋಟಿಗೆ ಬಿದ್ದು ಓಡುತ್ತಿರುತ್ತವಂತೆ. ಮೊದಲು ಬಿಡಿಸಿದವನಿಗೆ ಬಹುಮಾನ, ಉಳಿದವರಿಗೆ ಕರೆಂಟಿನ ಬಿಲ್ಲು. ನಮ್ಮ ಅಂಗೈಯಗಲದ್ದು ಜಗತ್ತಿನ ಕಾರ್ಖಾನೆಗಳ ಜೊತೆ ಒಂಟಿಯಾಗಿ ಸೆಣಸುತ್ತದೆ ಎಂದು ನಮ್ಮ ಮನೆಯವರು ಅಭಿಮಾನದಿಂದ ಹೇಳಿದರು. ಗೆಲ್ಲುವುದು ಯಾವಾಗ ಎಂದೆ. ನಾಳೆಯೂ ಗೆಲ್ಲಬಹುದು, ನಮ್ಮ ಮೊಮ್ಮಕ್ಕಳ ಕಾಲಕ್ಕೂ ಗೆಲ್ಲದೆ ಇರಬಹುದು ಎಂದರು. ಇದನ್ನೇ ನಮ್ಮೂರಲ್ಲಿ ಲಾಟರಿ ಎನ್ನುತ್ತಿದ್ದರು, ಆಡಿದವರನ್ನು ಮನೆಮಂದಿ ಬೈಯುತ್ತಿದ್ದರು.

ಆದರೂ ಸಣ್ಣದರ ಮೇಲೆ ನನಗೆ ದೂರಿಲ್ಲ. ಒಂದು ಬಲ್ಬಿನಷ್ಟು ಕರೆಂಟು, ಮಲಗಿದ ಬೆಕ್ಕಿನಷ್ಟು ಸದ್ದು. ಅತ್ತೆ ಅದನ್ನು ದೇವರ ಜಗಲಿಯ ಬಾಜು ಇಡಿಸಿದರು.

“ಇದು ಏನ ಮಾಡ್ತೈತೋ ತಮ್ಮಾ?”

“ರೊಕ್ಕ ಹುಡುಕ್ತೈತಿ ಬೇ ಯವ್ವಾ.”

“ಎಲ್ಲಿ ಕಳೀತು?”

ಅಂದಿನಿಂದ ಸಂಜೆ ದೀಪ ಹಚ್ಚಿದ ಮೇಲೆ ಅತ್ತೆ ನನ್ನನ್ನು ಕರೆದು ಪರದೆ ಓದಿಸುವುದು ರೂಢಿಯಾಯಿತು. “ಬಂತೇನ?” ಎನ್ನುತ್ತಿದ್ದರು. “ಇಲ್ರಿ ಅತ್ತಿ, ಇವತ್ತ ಬರಲಿಲ್ಲ” ಎನ್ನುತ್ತಿದ್ದೆ. “ನಾಳೆ ಬರ್ತೈತಿ ತಗೋ” ಎಂದು ಅದಕ್ಕೂ ಒಂದು ಹೂವು ಇಟ್ಟು ಏಳುತ್ತಿದ್ದರು.

ಗಂಡಸರಿಗೆ ಇಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಒಂದು ದಿನ ಅಣ್ಣತಮ್ಮ ಇಬ್ಬರೂ ಪಡಸಾಲೆಯಲ್ಲಿ ಕೂತು ಹಿಂದಿಯ ವಿಡಿಯೊಗಳನ್ನು ನೋಡಿ ಸಣ್ಣದನ್ನೂ ದೊಡ್ಡದನ್ನೂ ಹೋಲಿಸುವ ಸಭೆ ನಡೆಸಿದರು. ಭಾವನವರಿಗೆ ಹಿಂದಿ ಬರುವುದಿಲ್ಲ, ನಮ್ಮ ಮನೆಯವರಿಗೆ ಅರ್ಧ ಬರುತ್ತದೆ. ಹಾಗಾಗಿ ಇಬ್ಬರಿಗೂ ಪೂರ್ತಿ ತಿಳಿಯಿತು.

“ಅಣ್ಣಾ, ಸಣ್ಣದರಾಗ ಬರೂದು ನಸೀಬ. ದೊಡ್ಡದರಾಗ ಬರೂದು ಪಗಾರ. ದೊಡ್ಡವು ಸಾವಿರ ಮಂದಿ ಕೂಡಿ ಗುಂಪು ಮಾಡ್ಕೊಂಡು ದುಡೀತಾವ. ಬಂದದ್ದು ದಿನಾ ಹಂಚ್ಕೊತಾವ.”

“ಅಂದ್ರ ಕೂಡಿ ದುಡದ್ರ ಲಾಭ ಅನ್ನು” ಎಂದರು ಭಾವನವರು. ಆ ಮಾತು ಆಮೇಲೆ ನನಗೆ ಬಹಳ ಸಲ ನೆನಪಾಗಿದೆ.

ಹುಬ್ಬಳ್ಳಿಯಲ್ಲಿ ಯಾರೋ ಒಬ್ಬರು ತಮ್ಮ ದೊಡ್ಡ ಮಷೀನನ್ನು ಅರ್ಧ ಬೆಲೆಗೆ ಕೊಡುತ್ತಿದ್ದರು. ಅದನ್ನು ತರಲು ಹೊರಟ ದಿನ ಅತ್ತೆ ಬಾಗಿಲಲ್ಲಿ ನಿಂತು ಕೇಳಿದರು: “ದಿನಾ ಹಾಲು ಕೊಡೂ ಎಮ್ಮಿನ ಯಾರರ ಮಾರ್ತಾರೇನೋ ತಮ್ಮಾ?” ನಮ್ಮ ಮನೆಯವರು ನಕ್ಕರು. ಓದದವರ ಪ್ರಶ್ನೆಗೆ ಓದಿದವರು ನಗುವ ಹಾಗೆ ನಕ್ಕು ಗೂಡ್ಸ್ ಆಟೋ ಹತ್ತಿದರು.

ದೊಡ್ಡದು ಬಂತು. ಎರಡೂ ಕೈಯಿಂದ ಎತ್ತಬೇಕಾದ ಕಬ್ಬಿಣದ ಪೆಟ್ಟಿಗೆ, ಹಿಂದೆ ಮುಂದೆ ಫ್ಯಾನುಗಳು. ಜೋಳದ ಖೋಲಿಯಲ್ಲಿ ಇಟ್ಟು ಸ್ವಿಚ್ ಹಾಕಿದರು. ಹೆಸರುಕಾಳಿನ ರಾಶಿ ಮಾಡುವ ಮಷೀನನ್ನು ಕಣದಿಂದ ತಂದು ಮನೆಯೊಳಗೆ ಓಡಿಸಿದರೆ ಹೇಗಿರುತ್ತದೋ ಹಾಗಿತ್ತು. ಮನೆಮಂದಿಯೆಲ್ಲ ಕೂಗಿಯೇ ಮಾತಾಡಬೇಕಾಯಿತು. ನನಗೂ ಅಕ್ಕನಿಗೂ ಇದರಿಂದ ವ್ಯತ್ಯಾಸವೇನೂ ಆಗಲಿಲ್ಲ. ಹಿಂದಿನ ಫ್ಯಾನಿನಿಂದ ಬಿಸಿಗಾಳಿ ಬರುತ್ತಿತ್ತು. ಬೆಕ್ಕು ಮಾತ್ರ ಅದರ ಹಿಂದೆ ಸಂಸಾರ ಹೂಡಿ ದಪ್ಪಗಾಯಿತು. ಆ ಮಷೀನಿನಿಂದ ನಮ್ಮ ಮನೆಯಲ್ಲಿ ಲಾಭ ಪಡೆದ ಜೀವ ಅದೊಂದೇ.

ತಿಂಗಳ ಕೊನೆಗೆ ಬಿಲ್ಲು ಬಂತು. ಮನೆಗಳಿಗೆ ಇಷ್ಟು ಯುನಿಟ್‌ವರೆಗೆ ಕರೆಂಟು ಉಚಿತ ಎಂಬ ಯೋಜನೆ ಇದೆಯಲ್ಲ, ಆ ಮಿತಿಯೊಳಗೆ ನಾವು ಆರಾಮವಾಗಿದ್ದೆವು. ಒಂದು ಬಲ್ಬು ಹೆಚ್ಚು ಉರಿದರೂ ಅತ್ತೆ ಆರಿಸುತ್ತಿದ್ದರು. ದೊಡ್ಡ ಮಷೀನು ನಮ್ಮ ಇಡೀ ತಿಂಗಳ ಉಚಿತವನ್ನು ಎರಡು ಮೂರು ದಿನದಲ್ಲಿ ನುಂಗಿ, ಉಳಿದ ದಿನ ನಮ್ಮನ್ನು ನುಂಗಿತ್ತು. ಅದು ಗಳಿಸಿದ್ದು ಬಿಲ್ಲಿನ ಕಾಲುಭಾಗಕ್ಕೂ ಸಾಲಲಿಲ್ಲ. ಬುದ್ಧಿ ಇದ್ದವರು ಅಂದೇ ಅದನ್ನು ಮಾರುತ್ತಿದ್ದರು. ನಮ್ಮ ಮನೆಯಲ್ಲಿ ಬುದ್ಧಿ ಬಹಳ ಹೆಚ್ಚಾಗಿದ್ದರಿಂದ ಹಾಗೆ ಆಗಲಿಲ್ಲ.

ನಮ್ಮ ಕಡೆಯ ಗಂಡಸರು ಕಾಲುವೆಯ ನೀರಿಗೆ ಪಾಳಿ ಹಚ್ಚಿ ಬೆಳೆದವರು. ಇಂದು ನಿನ್ನ ಹೊಲಕ್ಕೆ, ನಾಳೆ ನನ್ನ ಹೊಲಕ್ಕೆ, ಹೊಲ ಎಷ್ಟು ಭಾಗವಾಗಿದೆಯೋ ಅಷ್ಟು ಪಾಳಿ. ಭಾವನವರು ಬಿಲ್ಲನ್ನು ಬಹಳ ಹೊತ್ತು ನೋಡಿ ಕಾಲುವೆಯ ಲೆಕ್ಕ ಹಾಕಿದರು.

“ಒಂದು ಮನಿಗೆ ಒಂದು ಪುಕ್ಕಟ ಐತಿ. ಮೂರು ಮನಿ ಆದ್ರ ಮೂರು ಪುಕ್ಕಟ. ನಂದೊಂದು, ನಿಂದೊಂದು, ಅವ್ವಂದೊಂದು. ದೊಡ್ಡದನ್ನ ಪಾಳಿ ಮ್ಯಾಲ ದಿನಕ್ಕ ಚೂರ ಚೂರ ಓಡಸೂಣು. ಯಾರ ಮಿತೀನೂ ದಾಟೂದಿಲ್ಲ.”

“ಹೆಸರಿಗಷ್ಟ ವಾಟ್ನಿ ಮಾಡ್ಕೊಳ್ಳೂಣು ಅಣ್ಣಾ!” ನಮ್ಮ ಮನೆಯವರು ಎದ್ದೇ ನಿಂತರು. ವಾಟ್ನಿ ಎಂದರೆ ಮನೆ ಪಾಲಾಗುವುದು. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂಬ ಗಾದೆ ಕೇಳಿದ್ದೆ. ಪುಕ್ಕಟೆಗಾಗಿ ಅಪ್ಪನ ಮನೆಯನ್ನೇ ಒಡೆಯುವವರನ್ನು ಅಂದೇ ನೋಡಿದ್ದು.

ಹೊಸ ಮೀಟರು ಬೇಕೆಂದರೆ ಬೇರೆ ಬಾಗಿಲು, ಬೇರೆ ಅಡುಗೆಮನೆ ಇರಬೇಕು, ಕರೆಂಟ್ ಆಫೀಸಿನವರು ಬಂದು ನೋಡುತ್ತಾರೆ ಎಂದು ಗೊತ್ತಾಯಿತು. ಹಾಗಾದರೆ ಎರಡು ಒಲೆ ಹೆಚ್ಚಿಗೆ ಹೂಡೋಣ, ಸಾಹೇಬರು ಬಂದು ಹೋಗುವವರೆಗೆ ತೋರಿಕೆಗೆ ಇರಲಿ ಎಂದರು ಅಣ್ಣತಮ್ಮ. ನಾನೂ ಅಕ್ಕನೂ ಅತ್ತೆಯ ಮುಖ ನೋಡಿದೆವು. ಬೈಯುತ್ತಾರೆ, ಅಳುತ್ತಾರೆ, ಉಪವಾಸ ಕೂರುತ್ತಾರೆ ಎಂದುಕೊಂಡಿದ್ದೆ. ಅವರು ಮೊರವನ್ನು ಬದಿಗಿಟ್ಟು ನಿಧಾನವಾಗಿ ಹೇಳಿದರು.

“ಹೆಸರಿಗೆ ಅಂತ ಒಲಿ ಹೂಡಾಕ ಬರೂದಿಲ್ಲ. ಒಲಿಗೆ ನಿಮ್ಮ ಸುಳ್ಳು ತಿಳಿಯೂದಿಲ್ಲ. ಹೂಡಿದ್ರ ಹಾಲು ಉಕ್ಕಿಸಬೇಕು. ಉಕ್ಕಿಸಿದ ಒಲಿ ಒಂದು ದಿನಾನೂ ತಣ್ಣಗ ಇರಬಾರದು. ಹೂಂ ಅಂತೀರೇನು?”

“ಆತು ಬೇ ಯವ್ವಾ, ಅದಕ್ಕೇನಂತ” ಎಂದರು ಇಬ್ಬರೂ ಒಂದೇ ಉಸಿರಿಗೆ. ಅವರ ಲೆಕ್ಕದಲ್ಲಿ ಖರ್ಚು ಹೆಚ್ಚಾದದ್ದು ಒಂದು ತಂಬಿಗೆ ಹಾಲು ಮಾತ್ರ. ಅತ್ತೆ ಅವರನ್ನು ತಡೆಯಲೆಂದೇ ಆ ಷರತ್ತು ಹಾಕಿದ್ದರು ಎಂದು ನನಗೆ ಆಗ ಹೊಳೆಯಲಿಲ್ಲ, ಅವರ ಇಬ್ಬರು ಮಕ್ಕಳಿಗಂತೂ ಇಂದಿಗೂ ಹೊಳೆದಿಲ್ಲ.

ಒಂದು ಸೋಮವಾರ ತಗಡಿನ ಗೋಡೆಗಳು ನಿಂತವು. ಹಳೆಯ ಅಡುಗೆಮನೆ ಅಕ್ಕನದಾಯಿತು, ಹಿತ್ತಲ ಬಾಗಿಲ ಕಡೆಯದು ನನ್ನದು, ಜಗಲಿ ಇರುವ ಮೂಲೆ ಅತ್ತೆಯದು. ಪಾತ್ರೆಗಳನ್ನು ಅತ್ತೆಯೇ ಹಂಚಿದರು. ಹಂಚು ಹಿರಿಯಳಿಗೆ, ಪರಾತ ಕಿರಿಯಳಿಗೆ. ಬೇಯಿಸುವವಳಿಗೆ ಹಂಚು, ಬಡಿಯುವವಳಿಗೆ ಪರಾತ. ನ್ಯಾಯವಾಗಿಯೇ ಇತ್ತು, ಇಬ್ಬರಿಗೂ ಅರ್ಧರ್ಧ ರೊಟ್ಟಿ ಸಿಕ್ಕ ಹಾಗಾಯಿತು. ಕೊನೆಗೆ ಅತ್ತೆ ಸಣ್ಣ ಮಷೀನನ್ನು ತೋರಿಸಿದರು.

“ನನ್ನ ಪಾಲಿಗೆ ಇದು ಇರಲಿ. ದೊಡ್ಡದಕ್ಕ ಹಸಿವಿ ಜಾಸ್ತಿ. ಇದಕ್ಕ ಬರೇ ಆಸೆ.”

ಎರಡೂ ಮಷೀನುಗಳ ಬಗ್ಗೆ ಇದಕ್ಕಿಂತ ಸರಿಯಾದ ಹೋಲಿಕೆಯನ್ನು ನಾನು ಯಾವ ವಿಡಿಯೊದಲ್ಲೂ ಕೇಳಿಲ್ಲ. ಮೂರು ಒಲೆಗಳ ಮೇಲೆ ಹಾಲು ಉಕ್ಕಿತು. ಹಾಲು ಉಕ್ಕಿಸಿದವರು ಅಂದು ಅದೇ ಒಲೆಯ ಅಡುಗೆ ಉಣ್ಣಬೇಕೆಂದು ಅತ್ತೆ ತಾವೇ ಅನ್ನಕ್ಕಿಟ್ಟುಕೊಂಡರು. ಹಾಗಾಗಿ ನಾವೂ ಇಡಬೇಕಾಯಿತು.

ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಗಿತ್ತು. ನನ್ನ ಡಬ್ಬಿ, ನನ್ನ ಉಪ್ಪು, ನನ್ನ ಚಹಾಪುಡಿ. ಇಷ್ಟು ವರ್ಷ ಬಾಯಿಮಾತಿಗೆ ಕೇಳುತ್ತಿದ್ದ ಬೇರೆ ಒಲೆ ಒಂದು ಕಬ್ಬಿಣದ ಪೆಟ್ಟಿಗೆಯ ದಯೆಯಿಂದ ಬಂದಿತ್ತು. ಮರುದಿನ ರೊಟ್ಟಿ ಬಡಿದೆ, ತೆಳ್ಳಗೆ ಚಂದ್ರನ ಹಾಗೆ ಬಂತು. ಹೊಸ ಹಂಚಿನ ಮೇಲೆ ಹಾಕಿದೆ. ಒಂದು ಕಡೆ ಕರಿಯಾಯಿತು, ಒಂದು ಕಡೆ ಹಸಿಯಾಗಿಯೇ ಉಳಿಯಿತು. ತಗಡಿನ ಆಚೆಗೆ ಅಕ್ಕ ಬಡಿಯುವುದು ಕೇಳುತ್ತಿತ್ತು. ಒಂದೊಂದು ಪೆಟ್ಟಿಗೂ ನಿಂತು ಯೋಚಿಸುವ ಹಾಗೆ ದಪ್ಪಗೆ, ನಿಧಾನಕ್ಕೆ ಬಡಿಯುತ್ತಿದ್ದಳು. ಆಕೆಗೆ ನನ್ನ ರೊಟ್ಟಿ ಸುಟ್ಟ ವಾಸನೆ ಬಡಿದಿರಲೇಬೇಕು. ನಮ್ಮ ಮನೆಯವರು ಮೊಬೈಲಿನ ಮೇಲೆ ಕಣ್ಣಿಟ್ಟು ಕರಿ ರೊಟ್ಟಿ ತಿಂದು “ಚಲೋ ಆಗ್ಯಾವ” ಎಂದು ಎದ್ದರು.

ಸಾಹೇಬರು ಇಂದು ಬಂದಾರು, ನಾಳೆ ಬಂದಾರು ಎಂದು ತಿಂಗಳುಗಳು ಹೋದವು. ಒಲೆ ತಣ್ಣಗಿರಬಾರದು ಎಂದು ಅತ್ತೆಯ ಷರತ್ತು, ಸಾಹೇಬರು ಬಂದಾಗ ಬೂದಿ ಬಿಸಿಯಿರಬೇಕು ಎಂದು ಗಂಡಸರ ಷರತ್ತು. ಹೀಗೆ ಮೂರು ಹೊಗೆ ದಿನವೂ ಎದ್ದವು. ಬಿಲ್ಲಿನ ಹೆದರಿಕೆಗೆ ದೊಡ್ಡ ಮಷೀನನ್ನು ನಿಲ್ಲಿಸಿ, ಮೇಲೊಂದು ಕೌದಿ ಹೊದಿಸಿ ಮಲಗಿಸಿದ್ದರು. ಬಿಸಿಗಾಳಿ ನಿಂತ ವಾರವೇ ಬೆಕ್ಕು ಬೇರೆ ಮನೆ ನೋಡಿಕೊಂಡಿತು.

ನಮ್ಮ ಮನೆಯವರು ಮೂರು ಮೀಟರಿಗೂ ಮಷೀನನ್ನು ಪಾಳಿಯಂತೆ ಜೋಡಿಸುವ ಒಂದು ಸ್ವಿಚ್ಚನ್ನು ಅಂಗಡಿಯಲ್ಲಿ ತಾವೇ ಮಾಡಿ ತಂದು ಗೋಡೆಗೆ ಬಡಿದರು. ಹಿಡಿಕೆಯನ್ನು ಈ ಕಡೆ ತಿರುವಿದರೆ ಭಾವನವರ ಮನೆ, ಆ ಕಡೆ ತಿರುವಿದರೆ ನಮ್ಮದು, ನಡುವೆ ಅತ್ತೆಯದು. ಮೀಟರು ಇನ್ನೂ ಬಂದಿರಲಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಎನ್ನುತ್ತಾರಲ್ಲ, ನಮ್ಮಲ್ಲಿ ಕುಲಾವಿ ಹೊಲಿಸಿದ್ದಷ್ಟೇ ಅಲ್ಲ, ಅದಕ್ಕಾಗಿ ಹೊಡೆದಾಟಕ್ಕೂ ನಿಂತರು. ಮೊದಲ ಪಾಳಿ ಯಾರದು ಎಂಬ ಪ್ರಶ್ನೆ ಹುಟ್ಟಿತು. ಕಾಲುವೆಯಲ್ಲಿ ಹಿರಿಯನ ಹೊಲಕ್ಕೇ ಮೊದಲು ನೀರು ಎಂದರು ಭಾವನವರು. ಮಷೀನು ತಂದವನು ನಾನು ಎಂದರು ನಮ್ಮ ಮನೆಯವರು. ಬಿಟ್‌ಕಾಯಿನ್ನಿನ ಬೆಲೆ ಏರಿದ ದಿನ ಯಾರ ಪಾಳಿ ಬರುತ್ತದೋ ಅವರಿಗೆ ಹೆಚ್ಚು ಸಿಕ್ಕರೆ ಹೇಗೆ ಎಂದು ಇನ್ನೊಂದು ಜಗಳವಾಯಿತು. ಕೌದಿ ಹೊದ್ದು ಮಲಗಿದ ಮಷೀನಿನ ಎರಡು ಬದಿಗೆ ನಿಂತು, ಬಾರದ ರೊಕ್ಕಕ್ಕಾಗಿ, ಎಂದೂ ಎದುರಾಡದ ಅಣ್ಣತಮ್ಮಂದಿರು ಆಡಬಾರದ್ದು ಆಡಿಕೊಂಡರು. ಆಮೇಲೆ ಮಾತು ಬಿಟ್ಟರು.

ನಾನೂ ಅಕ್ಕನೂ ಜಗಳವಾಡಲಿಲ್ಲ. ಅದೇ ಕೆಟ್ಟದ್ದಾಯಿತು. ಜಗಳ ನಿಂತು ಮರ್ಯಾದೆ ಶುರುವಾಯಿತು. ಅಕ್ಕ ಒಂದು ದಿನ ಹೋಳಿಗೆ ಮಾಡಿದವಳು ಒಂದು ಬಟ್ಟಲಲ್ಲಿ ಮುಚ್ಚಿ ತಂದು ನನ್ನ ಬಾಗಿಲಲ್ಲಿ ನಿಂತಳು, ಒಳಗೆ ಬರಲಿಲ್ಲ. ಮಂದಿಯ ಬಟ್ಟಲನ್ನು ಖಾಲಿ ಕೊಡಬಾರದು ಎಂಬುದು ನಮ್ಮಲ್ಲಿ ನಿಯಮ. ನಾನು ಮರುದಿನ ಶೇಂಗಾ ಉಂಡೆ ಹಾಕಿ ಕೊಟ್ಟೆ. ಆಮೇಲೆ ಆಕೆ ಏನೋ ಹಾಕಿ ಕೊಟ್ಟಳು. ಒಂದೇ ಬುಟ್ಟಿಯ ರೊಟ್ಟಿ ಕಿತ್ತು ತಿನ್ನುತ್ತಿದ್ದವರು ಬಟ್ಟಲಿನ ಲೆಕ್ಕಕ್ಕೆ ಬಂದೆವು. “ಏನ ಬೇ” ಎನ್ನುತ್ತಿದ್ದವಳು “ಏನ್ ಮಾಡಾಕತ್ತೀರಿ” ಎನ್ನತೊಡಗಿದಳು. ಮೊದಲ ಸಲ ಕೇಳಿದಾಗ ಬೇಕೆಂದೇ ಚುಚ್ಚುತ್ತಿದ್ದಾಳೆ ಎಂದುಕೊಂಡು ಖುಷಿಪಟ್ಟೆ. ಚುಚ್ಚುತ್ತಿರಲಿಲ್ಲ, ಖರೇನೇ ಮರ್ಯಾದೆ ಕೊಡುತ್ತಿದ್ದಳು.

ಅತ್ತೆ ತಮ್ಮ ಮೂಲೆಯಲ್ಲಿ ನುಚ್ಚು ಬೇಯಿಸಿಕೊಂಡು 'ನಂದು ನಂಗ ಆಕ್ಕೈತಿ' ಎನ್ನುತ್ತಿದ್ದರು. ನನ್ನಲ್ಲಿಗೆ ಬನ್ನಿ ಎಂದರೆ, ನಿನ್ನಲ್ಲಿಗೆ ಬಂದರೆ ಹಿರಿಯಳಿಗೆ ಬೇಜಾರಾದೀತು, ಅಲ್ಲಿಗೆ ಹೋದರೆ ನಿನಗೆ ಬೇಜಾರಾದೀತು ಎಂಬುದು ಅವರ ನ್ಯಾಯ. ಹೆಪ್ಪು ಬೇಕಾದಾಗ ಲೋಟ ಹಿಡಿದು ನನ್ನ ಬಾಗಿಲಿಗೆ ಬಂದು “ಒಂದಿಷ್ಟು ಹೆಪ್ಪು ಐತೇನ?” ಎಂದು ಕೇಳುತ್ತಿದ್ದರು. ಆ ಮನೆಗೆ ಮೊದಲು ಹೆಪ್ಪು ಹಾಕಿದವರೇ ಅವರು. ನನಗೆ ನಾಚಿಕೆಯಾಗುತ್ತಿತ್ತು. ಕೊಟ್ಟು ಕಳಿಸುತ್ತಿದ್ದೆ. ಸಂಜೆಯ ಪ್ರಶ್ನೆ ಮಾತ್ರ ತಪ್ಪಲಿಲ್ಲ. ಸಣ್ಣ ಮಷೀನು ಜಗಲಿಯ ಬಾಜು ಮಿಣುಕುತ್ತಿತ್ತು. ಬಂತೇನ ಎನ್ನುತ್ತಿದ್ದರು, ಇವತ್ತ ಬರಲಿಲ್ಲ ಎನ್ನುತ್ತಿದ್ದೆ.

ಕೊನೆಗೆ ಸಾಹೇಬರು ಬರುವ ದಿನ ಗೊತ್ತಾಯಿತು. ಮಾತು ಬಿಟ್ಟಿದ್ದ ಅಣ್ಣತಮ್ಮ ಅಂದು ಮಾತ್ರ ಒಟ್ಟಾಗಿ ನಮಗೆ ಪಾಠ ಹೇಳಿಕೊಟ್ಟರು. ಯಾರು ಕೇಳಿದರೂ ಬೇರೆ ಇದ್ದೇವೆ ಎನ್ನಬೇಕು, ಒಬ್ಬರಡುಗೆ ಒಬ್ಬರು ಉಣ್ಣುವುದಿಲ್ಲ ಎನ್ನಬೇಕು. “ಯವ್ವಾ, ನೀ ಎಡವಟ್ಟು ಮಾಡಬ್ಯಾಡ. ನಂದು ನಾನ ಮಾಡ್ಕೋತೀನಿ ಅನ್ನು, ಅಷ್ಟ.” ಅತ್ತೆ ತಲೆಯಾಡಿಸಿದರು. ಸುಳ್ಳು ಹೇಳಲು ಇಡೀ ಮನೆ ತಯಾರಾಯಿತು.

ಸಾಹೇಬರು ಬೆಳಗಿನ ಅಡುಗೆಯ ಹೊತ್ತಿಗೆ ಬಂದರು. ಬಾಗಿಲು ಎಣಿಸಲಿಲ್ಲ, ತಗಡು ಬಡಿದು ನೋಡಲಿಲ್ಲ. ನೇರವಾಗಿ ನನ್ನ ಅಡುಗೆಮನೆಗೆ ಬಂದು “ಅಕ್ಕಾರ, ಮುಚ್ಚಳ ತಗೀರಿ” ಎಂದರು. ತೆಗೆದೆ, ನನ್ನಲ್ಲಿ ಬೇಳೆಸಾರು. ಅಕ್ಕನಲ್ಲಿ ಬದನೆಕಾಯಿ ಪಲ್ಯ. ಅತ್ತೆಯಲ್ಲಿ ನುಚ್ಚು, ಬಾಜು ಒಂದು ಹಸಿ ಉಳ್ಳಾಗಡ್ಡಿ. ನನ್ನ ಬುಟ್ಟಿಯ ಕರಿ ರೊಟ್ಟಿ ನೋಡಿದರು, ಅಕ್ಕನ ದಪ್ಪ ರೊಟ್ಟಿಯನ್ನೂ ನೋಡಿದರು. ಮೂರೂ ಒಲೆಯ ಬೂದಿಯನ್ನು ಬಗ್ಗಿ ನೋಡಿದರು. ಆಮೇಲೆ ಅತ್ತೆಯ ಮುಂದೆ ಕೂತರು.

“ಅಜ್ಜಿ, ನಿಮಗ ಯಾರು ಮಾಡಿ ಹಾಕ್ತಾರ್ರಿ?”

“ನಂದು ನಾನ ಮಾಡ್ಕೋತೀನ್ರಿ.”

“ಸೊಸೆಂದಿರು?”

“ಅವರು ಬ್ಯಾರೆ ಅದಾರ್ರಿ.”

ಕಲಿಸಿದ್ದ ಮಾತನ್ನೇ ಹೇಳಿದರು, ಒಂದಕ್ಷರ ಆಚೀಚೆ ಆಗಲಿಲ್ಲ. ಆದರೆ ಅದರಲ್ಲಿ ಸುಳ್ಳು ಎಂಬುದೇ ಉಳಿದಿರಲಿಲ್ಲ. ಸಾಹೇಬರು ಎದ್ದು ನಗುತ್ತ ಹೇಳಿದರು: “ಇಂಥಾವು ಭಾಳ ನೋಡೀನ್ರಿ. ನಾಟಕದ ಮನ್ಯಾಗ ಒಲಿ ಮೂರು ಇರ್ತಾವ, ಸಾರು ಒಂದ ಇರ್ತೈತಿ. ಎರಡು ಒಲ್ಯಾಗ ಬೂದೀನ ಇರೂದಿಲ್ಲ. ನಿಮ್ಮದು ಹಂಗಿಲ್ಲ ಬಿಡ್ರಿ. ನೀವು ಖರೇನ ಬ್ಯಾರೆ ಆಗೀರಿ.”

ಅವರು ಅಂಗಳ ದಾಟುವುದರೊಳಗೆ ನಮ್ಮ ಮನೆಯವರು “ಪಾಸಾದ್ವಿ!” ಎಂದು ತೊಡೆ ತಟ್ಟಿದರು. ಭಾವನವರೂ ಮಾತು ಬಿಟ್ಟದ್ದು ಮರೆತು ನಕ್ಕರು. ನಾನು ಒಳಗೆ ಹೋಗಿ ಒಲೆಯ ಮುಂದೆ ಕೂತೆ. ಅಳು ಬಂತು. ಹೊಗೆ ಎನ್ನಬಹುದಿತ್ತು, ಹೊಗೆಯಲ್ಲ. ತಗಡಿನ ಆಚೆಗೆ ಅಕ್ಕ ರೊಟ್ಟಿ ಬಡಿಯುವ ಸದ್ದೂ ನಿಂತಿತ್ತು.

ಪಾಸಾದ ಸಂತೋಷಕ್ಕೆ ಬಹಳ ಆಯುಷ್ಯವಿರಲಿಲ್ಲ. ಬಾಗಿಲವರೆಗೆ ಕಳಿಸಲು ಹೋದ ನಮ್ಮ ಮನೆಯವರಿಗೆ ಸಾಹೇಬರು ಚಪ್ಪಲಿ ಮೆಟ್ಟುತ್ತ ಒಂದು ಮಾತು ಹೇಳಿದರಂತೆ. ಮನೆಗೆ ಎಷ್ಟು ಉಚಿತ ಎಂಬುದು ಆ ಮನೆ ಹಿಂದೆ ಎಷ್ಟು ಉರಿಸಿತ್ತು ಎಂಬುದರ ಮೇಲೆ ನಿಂತಿದೆ. ಹೊಸ ಮೀಟರಿಗೆ ಹಿಂದಿನದು ಎಂಬುದೇ ಇಲ್ಲವಲ್ಲ, ಹಾಗಾಗಿ ಸಿಗುವುದು ಒಂದು ಬೊಗಸೆಯಷ್ಟು. ಎರಡು ಹೊಸ ಮನೆಯ ಬೊಗಸೆ ಕೂಡಿಸಿದರೂ ದೊಡ್ಡ ಮಷೀನಿನ ಒಂದೆರಡು ದಿನದ ನೀರಡಿಕೆಗೆ ಸಾಲದು. ಇದನ್ನು ಮೊದಲೇ ಕೇಳಬಹುದಿತ್ತಲ್ಲ ಎಂದೆ. ಕೇಳಿದರೆ ಅನುಮಾನ ಬರುತ್ತಿತ್ತು ಎಂದರು.

ದೊಡ್ಡ ಮಷೀನು ಅರ್ಧದ ಅರ್ಧ ಬೆಲೆಗೆ ಹೋಯಿತು. ಬಂದು ಕೊಂಡವರು ಕುಂದಗೋಳ ಕಡೆಯವರು, ಕಣ್ಣಲ್ಲಿ ಅದೇ ಹೊಳಪು. ಯಾಕೆ ಮಾರುತ್ತೀರಿ ಎಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಗಾಡಿ ಹೊರಟ ಮೇಲೆ ನಮ್ಮ ಮನೆಯವರು ಗೋಡೆಯ ಮೇಲಿನ ತಮ್ಮ ಸ್ವಿಚ್ಚನ್ನು ಕಳಚಿ, ಧೂಳು ಒರೆಸಿಕೊಂಡು, ಒಂದು ಸಣ್ಣ ಕೆಲಸ ಮುಗಿದವರ ಹಾಗೆ ಹೇಳಿದರು: “ಆತಲ್ಲ, ಇನ್ನ ಮೊದಲಿನಂಗ ಕೂಡೂಣು.”

ಹಿಡಿಕೆ ತಿರುವಿದರೆ ಆಗುವ ಕೆಲಸ ಎಂದು ಅವರು ತಿಳಿದಿದ್ದರು. ಅಷ್ಟೆಲ್ಲ ಬೈದುಕೊಳ್ಳುತ್ತಲೇ ನಾನೂ ಮರುದಿನ ಬೆಳಿಗ್ಗೆ ಅದನ್ನೇ ನಂಬಿ ಹಿಟ್ಟು ತುಂಬಿದ ಪರಾತ ಎತ್ತಿಕೊಂಡು ಅಕ್ಕನ ಬಾಗಿಲಿಗೆ ಹೋದೆ. ಹಂಚು ಕಾದಿತ್ತು. ಆಕೆಯ ಎಡಗಡೆ, ನಾನು ಕೂರುತ್ತಿದ್ದ ಜಾಗದಲ್ಲಿ, ಈಗ ಆಕೆಯದೇ ಹೊಸ ಪರಾತವಿತ್ತು. ನನ್ನನ್ನು ನೋಡಿ ಎದ್ದು ನಿಂತಳು. ಸೆರಗಿನಿಂದ ಒಂದು ಮಣೆ ಒರೆಸಿ, ಒಲೆಯಿಂದ ದೂರಕ್ಕೆ, ಬಂದವರು ಕೂರುವ ಕಡೆ ಹಾಕಿದಳು.

“ಬರ್ರಿ, ಕುಂದರ್ರಿ. ಚಾ ಮಾಡ್ತೀನಿ.”

ಕೈಯಲ್ಲಿ ಪರಾತ ಹಿಡಿದು ಬಂದವಳಿಗೆ ಚಹಾ. ಯಾಕೆ ಬಂದೆ ಎಂದು ಕೇಳಿದ್ದರೆ, 'ಈಗ ನೆನಪಾತೇನ ಬೇ' ಎಂದು ಒಂದು ಮಾತು ಬೈದಿದ್ದರೆ ನಾನು ಅಲ್ಲೇ ಕೂತು ಬಡಿಯಲು ಶುರುಮಾಡುತ್ತಿದ್ದೆ. ಆಕೆ ಬೈಯಲಿಲ್ಲ. ಸಕ್ಕರೆ ಎಷ್ಟು ಹಾಕಲಿ ಎಂದು ಕೇಳಿದಳು. ಇಷ್ಟು ವರ್ಷ ನನ್ನ ಚಹಾಕ್ಕೆ ಆಕೆಯೇ ಸಕ್ಕರೆ ಹಾಕಿದವಳು. ಚಹಾ ಕುಡಿದೆ, ಚಲೋ ಆಗಿದೆ ಎಂದೆ, ಪರಾತ ಎತ್ತಿಕೊಂಡು ಹೊರಗೆ ಬಂದೆ.

ಪಡಸಾಲೆಯಲ್ಲಿ ಅತ್ತೆ ಮೊರ ಹಿಡಿದು ಕೂತಿದ್ದರು. ನಾನು ಹೋದದ್ದನ್ನೂ ನೋಡಿದ್ದರು, ಬಂದದ್ದನ್ನೂ ನೋಡಿದರು. ಪರಾತದಲ್ಲಿ ಹಿಟ್ಟು ಹಾಗೇ ಇತ್ತು.

“ಬಂತೇನ?” ಎಂದರು.

“ಇಲ್ರಿ ಅತ್ತಿ, ಇವತ್ತ ಬರಲಿಲ್ಲ.”

“ನಾಳೆ ಬರ್ತೈತಿ ತಗೋ” ಎಂದು ಅತ್ತೆ ತಮ್ಮ ಒಲೆಗೆ ಕಟ್ಟಿಗೆ ಇಡಲು ಎದ್ದರು.